ಮೂರೇ ಜನರಿದ್ದರೂ ಕಾಗದ ಇರಲಿ

ಮಗಳೇ, ಸಕಲೇಶಪುರದಲ್ಲಿ ಹಲ್ಲಿನ ಕ್ಲಿನಿಕ್ ತೆರೀತಿದ್ದೀಯ, ಬಹಳ ಸಂತೋಷ. ನಮ್ಮೂರು ಹೊಂಗಡಹಳ್ಳದಲ್ಲಿ ಇನ್ನು ಯಾರಿಗೆ ಹಲ್ಲುನೋವು ಬಂದರೂ ನಿನ್ನ ಬಾಗಿಲಿಗೇ ಬರ್ತಾರೆ. ಕುರ್ಚಿ, ಎಕ್ಸ್‌ರೇ ಯಂತ್ರ, ಬ್ಯಾಂಕ್ ಸಾಲ ಎಲ್ಲದರ ಲೆಕ್ಕ ಹಾಕಿದ್ದೀಯ. ಕೆಲಸದವರ ಮಾತು ಬಂದಾಗ ಮಾತ್ರ ‘ಮೂರೇ ಜನ ದೊಡ್ಡಪ್ಪ, ಮನೆಯವರ ಥರ ಇರ್ತಾರೆ’ ಅಂದುಬಿಟ್ಟೆ. ಅದಕ್ಕೇ ಈ ಕಿವಿಮಾತು.

ಮನೆಯವರ ಥರ ಅಂದ ಕಡೆ ರಜೆ ಕೇಳೋಕೆ ಸಂಕೋಚ, ಸಂಬಳ ಕೇಳೋಕೆ ಇನ್ನೂ ಸಂಕೋಚ. ಆಳುಗಳ ಹಾಜರಿಯ ಚೆಕ್‌ರೋಲ್ ನೋಡಿ ಸಂಬಳ ಬಟವಾಡೆ ಮಾಡಿದವನು ಹೇಳ್ತಿದ್ದೀನಿ: ಬರೆದಿಟ್ಟ ಲೆಕ್ಕದಿಂದ ಯಾವ ವಿಶ್ವಾಸವೂ ಕೆಡಲ್ಲ.

ಕಾನೂನು ತಲೆ ಎಣಿಸುತ್ತೆ. ಹತ್ತು ಜನರಾದರೆ ಇಎಸ್‌ಐ, ಗ್ರಾಚ್ಯುಟಿ, 26 ವಾರಗಳ ಹೆರಿಗೆ ರಜೆ, ಇಪ್ಪತ್ತಾದರೆ ಪಿಎಫ್. ಇವು ಸದ್ಯಕ್ಕೆ ನಿನಗೆ ತಗಲಲ್ಲ. ತಲೆ ಎಣಿಸದ ಕಾನೂನೂ ಉಂಟು. ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ ಒಬ್ಬಳೇ ಸಹಾಯಕಿ ಇದ್ದರೂ ಕೊಡಲೇಬೇಕು. 2025ರ ನವೆಂಬರ್‌ನಲ್ಲಿ ಜಾರಿಯಾದ ವೇತನ ಸಂಹಿತೆ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳು 7ರೊಳಗೆ, ಕೆಲಸ ಬಿಟ್ಟವರ ಬಾಕಿ ಎರಡು ಕೆಲಸದ ದಿನಗಳೊಳಗೆ. ಲೈಂಗಿಕ ಕಿರುಕುಳದ ದೂರಿಗೆ ಹತ್ತು ಜನರಿಲ್ಲದ ಕಡೆ ಒಳಸಮಿತಿ ಬೇಡ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಅದರ ವಿಳಾಸ ಕೆಲಸದವರ ಕಣ್ಣಿಗೆ ಬೀಳೋ ಹಾಗೆ ಅಂಟಿಸು.

ಎಲ್ಲಕ್ಕಿಂತ ಮುಖ್ಯ, ಉಪಕರಣ ತೊಳೆಯೋ ಹುಡುಗಿಯ ಬೆರಳು. ಬಳಸಿದ ಸೂಜಿ ಒಂದು ಸಲ ಚುಚ್ಚಿದರೂ ಸಾಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹೆಪಟೈಟಿಸ್-ಬಿ, ಧನುರ್ವಾಯು ಲಸಿಕೆ ಹಾಕಿಸೋದು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸೋದು ನಿನ್ನ ಹೊಣೆ. ಹೆಪಟೈಟಿಸ್-ಬಿ ಮೂರು ಡೋಸ್ ಮುಗಿಯೋಕೆ ಆರು ತಿಂಗಳು ಬೇಕು. ಆದ್ದರಿಂದ ‘ಉಳ್ಕೊಂಡರೆ ಹಾಕ್ಸೋಣ’ ಅಂತ ಕಾಯಬೇಡ, ಸೇರಿದ ವಾರವೇ ಶುರುಮಾಡು.

ರೋಗಿಗಳು ಜಾಸ್ತಿಯಾದ ದಿನ ಸಹಾಯಕಿಗೆ ‘ನೀನೇ ಸ್ವಲ್ಪ ಹಲ್ಲು ಕ್ಲೀನಿಂಗ್ ಮಾಡಿಬಿಡು’ ಅನ್ನಬೇಡ. ಕಾನೂನಿನಲ್ಲಿ ಆ ಕೆಲಸಕ್ಕೆ ನೋಂದಾಯಿತ ಹೈಜೀನಿಸ್ಟ್ ಅಂತಲೇ ಇದ್ದಾರೆ. ಇನ್ನು, ಯಾರ ಅಸಲು ಅಂಕಪಟ್ಟಿಯನ್ನೂ ಇಸ್ಕೊಂಡು ಬೀರುವಿನಲ್ಲಿ ಇಡಬೇಡ. ಮುಂಗಡ ಕೊಟ್ಟು ಆಳನ್ನ ಕಟ್ಟಿಹಾಕೋ ಪದ್ಧತಿಗೆ 1976ರಲ್ಲೇ ಜೀತ ನಿಷೇಧ ಕಾಯ್ದೆ ಬಂತು. ಅಂಕಪಟ್ಟಿ ಹಿಡಿದಿಡೋದೂ ಅದೇ ಬುದ್ಧಿ.

ನಮ್ಮ ಕಡೆ ಹುಡುಗಿ ಸೇರಿದರೆ ಬಸ್ಸಿನ ಟೈಮ್ ನೋಡಿ ಕೆಲಸದ ವೇಳೆ ಹಾಕು. ಸಂಜೆ ರೋಗಿಗಳು ಹೆಚ್ಚು, ನಿಜ. ಆದರೆ ಬಸ್ಸಿಳಿದು ಕತ್ತಲಲ್ಲಿ ತೋಟದ ದಾರಿ ಹಿಡಿಯೋಳು ಅವಳು. ಆನೆ ಬಂದಿದೆ ಅಂತ ಅರಣ್ಯ ಇಲಾಖೆ ಮೆಸೇಜ್ ಬಂದ ದಿನ, ಮಳೆಗೆ ಧರೆ ಕುಸಿದು ಬಸ್ ನಿಂತ ದಿನ ಸಂಬಳ ಹಿಡೀತೀಯೋ ಇಲ್ಲವೋ ಮೊದಲೇ ತೀರ್ಮಾನ ಮಾಡು. ಹಿಡಿಯಬೇಡ ಅಂತ ನನ್ನ ಮಾತು.

ಇದೆಲ್ಲ ಕನ್ನಡದಲ್ಲಿ ಒಂದು ಪುಟ ಬರಿ: ಕೆಲಸ, ಸಂಬಳ, ವೇಳೆ, ವಾರದ ರಜೆ, ಬಿಡೋವಾಗ ಎರಡೂ ಕಡೆಗೆ ಒಂದೇ ಅವಧಿಯ ನೋಟಿಸ್. ಸಹಿ ಮಾಡಿದ ಒಂದು ಪ್ರತಿ ಅವರ ಕೈಗೆ ಕೊಡು. ಮೂರೇ ಜನರಿರೋ ಕಡೆ ಹೆರಿಗೆ ರಜೆ ಕೊಡು ಅಂತ ಕಾನೂನು ನಿನ್ನ ಹಿಡಿಯಲ್ಲ. ನಿನ್ನ ಕೈಗೆ ಹೊಂದಿಕೊಂಡ ಸಹಾಯಕಿ ಬಾಣಂತನ ಮುಗಿಸಿ ವಾಪಸ್ ಬರಲಿ ಅಂತಿದ್ದರೆ, ಅದನ್ನೂ ಆ ಪುಟದಲ್ಲೇ ಬರಿ.