ಜೀಪಿನ ಬಾನೆಟ್ಟಿನ ಕೆಳಗೆ



ನಮ್ಮ ಖಾನಾಪುರದ ಮಣ್ಣು ಗಡಿಗೆಗೆ ಹೆಸರಾದ ಮಣ್ಣು. ಹಂಚಿಗೂ ಹೆಸರಾದದ್ದು. ನೀರು ಬಿದ್ದರೆ ಅಂಟು. ಒಣಗಿದರೆ ಕಲ್ಲು. ಕುಂಬಾರರ ತಿಗರಿಯ ಮೇಲೆ ಈ ಮಣ್ಣು ಚೆಂದ. ಜೀಪಿನ ಎಂಜಿನ್ನಿಗೆ ಮೆತ್ತಿಕೊಂಡರೆ ಚೆಂದ ಅಲ್ಲ.

ತಾಲ್ಲೂಕಿನ ಪಶ್ಚಿಮಕ್ಕೆ ಅಡವಿ. ಜಾಂಬೋಟಿ, ಕಣಕುಂಬಿ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಭೀಮಗಡ ಅಡವಿಯ ಊರುಗಳಿಂದ ಬೇನೆ ಬಿದ್ದವರನ್ನು ಹೆಗಲ ಮೇಲೆ ಹೊತ್ತು ತಂದದ್ದು ಇತ್ತೀಚಿನ ವರ್ಷಗಳಲ್ಲೂ ಉಂಟು. ಅಂಥ ಸೀಮೆಯಲ್ಲಿ ಒಂದು ಹಳೇ ಜೀಪು ಇದ್ದರೆ ನಾಲ್ಕು ಊರಿಗೆ ಆಧಾರ. ಬಸುರಿಗೂ ಅದೇ, ಭತ್ತದ ಚೀಲಕ್ಕೂ ಅದೇ. ನಡುರಾತ್ರಿ ಕರೆದರೂ ಅದು ಚಾಲೂ ಆಗಬೇಕು.

ಜೀಪು ಮೊದಲು ಅಡವಿಗಾಗಿ ಹುಟ್ಟಿದ್ದಲ್ಲ, ಯುದ್ಧಕ್ಕಾಗಿ ಹುಟ್ಟಿದ್ದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕಾಗಿ ಇದನ್ನು ಮಾಡಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಕೊಡಬಹುದು. ಅದಕ್ಕೇ ಕೆಸರಿನಲ್ಲಿ ಎದ್ದು ಬರುತ್ತದೆ. ಆದರೆ ಕೆಸರನ್ನೂ ಹೊತ್ತು ಬರುತ್ತದೆ.

ಬಾನೆಟ್ಟು ತೆಗೆಯುವುದು ಗಂಡಸರ ಕೆಲಸ ಅಂತೀರೇನು? ಒಲೆಯ ಮಸಿ ತೆಗೆದವರು ನಾವು. ಸ್ಟೋವಿಗೆ ಪಿನ್ನು ಹಾಕಿ ತೂತು ಬಿಡಿಸಿದವರು ನಾವು. ಜೀಪಿನ ದುಡಿಮೆಯಿಂದ ಮನೆ ನಡೆಯುತ್ತಿದ್ದರೆ, ಅದರ ಹೊಟ್ಟೆಯೊಳಗೆ ಏನಿದೆ ಅಂತ ನಮಗೂ ಗೊತ್ತಿರಲಿ.

ಹೊಲಸು ಇದ್ದರೆ ಏನಾಗತದ? ಕೇಳ್ರಿ. ಮಣ್ಣು ಮೆತ್ತಿದ ಎಂಜಿನ್ನು ಕಂಬಳಿ ಹೊದ್ದು ಬಿಸಿಲಿನಲ್ಲಿ ಕೂತವರ ಹಾಗೆ. ಕಾವು ಹೊರಗೆ ಹೋಗುವುದಿಲ್ಲ. ಮುಂದೆ ಜಾಳಿಗೆಯಂತೆ ಕಾಣುವುದು ರೇಡಿಯೇಟರು. ಅದರ ಸಂದಿಗಳಲ್ಲಿ ಕೆಸರು ತುಂಬಿದರೆ ಗಾಳಿ ಆಡುವುದಿಲ್ಲ, ನೀರು ಕುದಿಯುತ್ತದೆ. ಇದು ಒಂದು. ಇನ್ನೊಂದು, ಹೊಲಸಿನ ಕೆಳಗೆ ದೋಷ ಅಡಗುತ್ತದೆ. ಆಯಿಲ್ ಎಲ್ಲಿಂದ ಸೋರುತ್ತಿದೆ, ಯಾವ ಪೈಪು ಸೀಳಿದೆ, ಯಾವ ತಂತಿಯ ಸಿಪ್ಪೆ ಹೋಗಿದೆ, ಒಂದೂ ಕಾಣುವುದಿಲ್ಲ. ನಮ್ಮ ಮಟ್ಟಿಗೆ ಎಂಜಿನ್ನು ಸ್ವಚ್ಛ ಮಾಡುವುದು ಹೊಳಪಿಗೆ ಅಲ್ಲ, ನೋಡುವುದಕ್ಕೆ.

ಮೂರನೆಯದು ಬೆಂಕಿ. ಅಡವಿಯ ದಾರಿಯಲ್ಲಿ ಓಡುವ ಜೀಪಿನೊಳಗೆ ಒಣ ಎಲೆ ಸೇರುತ್ತವೆ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಜಾಗ ಹುಡುಕಿ ಬರುತ್ತವೆ. ಹುಲ್ಲು, ಚಿಂದಿ ತಂದು ಗೂಡು ಕಟ್ಟುತ್ತವೆ, ತಂತಿ ಕಡಿಯುತ್ತವೆ. ಹೊಗೆ ಹೊರಡುವ ಪೈಪು ಎಂಜಿನ್ನಿನ ಹತ್ತಿರ ಬಹಳ ಕಾಯುತ್ತದೆ. ಅದರ ಮೇಲೆ ಒಣ ಎಲೆ, ಪಕ್ಕದಲ್ಲಿ ಆಯಿಲ್ಲಿನ ಜಿಡ್ಡು, ಕಡಿದ ತಂತಿಯಿಂದ ಒಂದು ಕಿಡಿ. ಇಷ್ಟು ಸಾಕು.

ಇನ್ನು ಕೆಲಸಕ್ಕೆ ಇಳಿಯೋಣ. ಮುಂಜಾನೆ, ಜೀಪು ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ ಮಾಡುವುದು ಒಳ್ಳೇದು. ಕಾದ ಬೀಡುಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಅದು ಸೀಳಬಹುದು. ಕಾದ ಹಂಚಿಗೆ ನೀರು ಹಾಕಿದರೆ ಏನಾಗತದ ಅಂತ ನಿಮಗೆ ಹೇಳಬೇಕಿಲ್ಲ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ಅಂತೂ ಮುಟ್ಟಲೇಬ್ಯಾಡ್ರಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಬಳೆ, ಉಂಗುರ ತೆಗೆದಿಡಿ. ಕೊರಳ ಸರ ಒಳಗೆ ಸೇರಿಸಿ. ಸೆರಗು ಬಿಗಿದು ಸಿಕ್ಕಿಸಿ, ಹೆಳಲು ಮೇಲೆ ಕಟ್ಟಿ. ಇದು ಯಾಕೆ ಅಂತ ಮುಂದೆ ಹೇಳುತ್ತೇವೆ.

ಬಾನೆಟ್ಟಿನ ಮೇಲೆ ಮೊದಲು ನಾಲ್ಕು ಸಲ ಬಡಿಯಿರಿ. ಹಳೇ ಜೀಪಿನಲ್ಲಿ ಎರಡೂ ಬದಿಗೆ ಕೊಂಡಿ ಇರುತ್ತವೆ, ಬಿಚ್ಚಿ ಮೇಲೆತ್ತಿ. ಕೈ ಹಾಕುವ ಮೊದಲು ಬ್ಯಾಟರಿ ಬಿಟ್ಟು ಮೂಲೆ ಮೂಲೆಗೆ ನೋಡಿರಿ, ಕಟ್ಟಿಗೆಯಿಂದ ಅಲ್ಲಾಡಿಸಿರಿ. ಇಲಿ ಇದ್ದಲ್ಲಿ ಹಾವು ಬರುತ್ತದೆ. ಇಲಿಯ ಗೂಡು ಕಂಡರೆ ಬರಿಗೈಲಿ ಹಿಡಿಯಬೇಡಿ. ಇಲಿಯ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ, ಕೈಯಲ್ಲಿ ಗಾಯ ಇದ್ದರೆ ಅಪಾಯ ಹೆಚ್ಚು. ರಬ್ಬರು ಕೈಚೀಲ ಹಾಕಿ, ಗೂಡಿಗೆ ಸೋಪಿನ ನೀರು ಚಿಮುಕಿಸಿ, ಆಮೇಲೆ ತೆಗೆಯಿರಿ.

ಈಗ ಬ್ಯಾಟರಿ. ಅದರ ಮೇಲೆ ಎರಡು ಗುರುತು ಇವೆ. ಒಂದು +, ಒಂದು –. ಲೆಕ್ಕದ ಪಾಠದಲ್ಲಿ ಕಲಿತ ಅದೇ ಕೂಡಿಸುವ ಗುರುತು, ಕಳೆಯುವ ಗುರುತು. ಕಳೆಯುವ ಗುರುತಿನ ತಂತಿಯನ್ನು ಮೊದಲು ಬಿಚ್ಚಬೇಕು, ಯಾಕಂದ್ರೆ ಅದು ಜೀಪಿನ ಕಬ್ಬಿಣದ ಮೈಗೆ ಸೇರಿರುತ್ತದೆ. ಕೂಡಿಸುವ ತಂತಿಯನ್ನು ಮೊದಲು ಬಿಚ್ಚಹೋದರೆ, ಪಾನಾ ಜೀಪಿನ ಮೈಗೆ ತಗುಲಿದಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗಾಳಿ ಬರುತ್ತದೆ. ಹತ್ತಿರ ಬೀಡಿ, ಕಡ್ಡಿಪೆಟ್ಟಿಗೆ ಬ್ಯಾಡ. 12 ವೋಲ್ಟಿನ ಬ್ಯಾಟರಿ ಶಾಕ್ ಹೊಡೆಯುವುದಿಲ್ಲ ಅನ್ನುವುದು ಖರೇ. ಆದರೆ ಚಿನ್ನದ ಬಳೆ ಎರಡೂ ಕಂಬಿಗೆ ಒಮ್ಮೆಲೇ ತಗುಲಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಬಳೆ ತೆಗೆಯಿರಿ ಅಂದದ್ದು ಅದಕ್ಕೆ.

ಕಂಬಿಯ ಸುತ್ತ ಬಿಳಿ, ಹಸಿರು ಪುಡಿ ಕಟ್ಟಿರುತ್ತದೆ. ಅದರಲ್ಲಿ ಆಸಿಡ್ ಇದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಕಲಸಿ, ಹಳೇ ಹಲ್ಲಿನ ಬ್ರಶ್ಶಿನಿಂದ ತಿಕ್ಕಿರಿ. ನೊರೆ ಎದ್ದರೆ ಹೆದರಬೇಡಿ. ಸೋಡಾ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು, ಮುಚ್ಚಳಗಳು ಬಿಗಿ ಇರಲಿ. ಕಣ್ಣಿಗೆ ಸಿಡಿದರೆ ಕೂಡಲೇ ಬಹಳ ಹೊತ್ತು ತಣ್ಣೀರಿನಿಂದ ತೊಳೆದು ದವಾಖಾನೆಗೆ ಹೋಗಿರಿ.

ಗಾಳಿ ಒಳಗೆ ಹೋಗುವ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿರಿ. ಡೀಸೆಲ್ ಎಂಜಿನ್ನಿನೊಳಗೆ ನೀರು ಹೋದರೆ ದೊಡ್ಡ ನಷ್ಟ. ಗಾಳಿಯನ್ನು ಒತ್ತಿ ಸಣ್ಣ ಮಾಡಬಹುದು, ನೀರನ್ನು ಮಾಡಲಾಗದು. ಒಳಗಿನ ಕಬ್ಬಿಣದ ದಂಡವೇ ಬಾಗುತ್ತದೆ. ಡೈನಮೋ, ಫ್ಯೂಸಿನ ಡಬ್ಬಿ, ತಂತಿಯ ಗಂಟುಗಳಿಗೂ ಚೀಲ ಕಟ್ಟಿರಿ. ಎಷ್ಟು ಚೀಲ ಕಟ್ಟಿದಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಬಿಚ್ಚುವಾಗ ಲೆಕ್ಕ ಸರಿ ಬರಬೇಕು.

ಮೊದಲು ಒಣ ಕೆಲಸ. ಎಲೆ, ಕಡ್ಡಿ ಕೈಯಿಂದ ಆರಿಸಿ. ಒಣ ಮಣ್ಣನ್ನು ಕಟ್ಟಿಗೆ ಚೂರಿನಿಂದ ಕೆರೆದು ಕಸಬರಿಗೆಯಿಂದ ಉದುರಿಸಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಆಮೇಲೆ ಉಗುರು ಬೆಚ್ಚಗಿನ ನೀರಿಗೆ ಸೋಪಿನ ಪುಡಿ ಹಾಕಿ, ಜಿಡ್ಡು ಇದ್ದಲ್ಲಿ ಬ್ರಶ್ಶಿನಿಂದ ಹಚ್ಚಿ, ಹತ್ತು ನಿಮಿಷ ನೆನೆಯಲು ಬಿಡಿ. ತಿಕ್ಕಿ, ಒದ್ದೆ ಅರಿವೆಯಿಂದ ಒರೆಸಿ. ಪೈಪಿನಿಂದ ಜೋರಾಗಿ ನೀರು ಹೊಡೆಯುವುದು ನಮಗೆ ಸರಿ ಕಾಣುವುದಿಲ್ಲ. ಹಳೇ ತಂತಿಯ ಬಿರುಕಿನಲ್ಲಿ ನೀರು ಹೊಕ್ಕರೆ ಜೀಪು ಮರುದಿನ ಚಾಲೂ ಆಗದೆ ನಿಲ್ಲುತ್ತದೆ. ರೇಡಿಯೇಟರಿನ ತೆಳು ಪಟ್ಟಿಗಳೂ ಬಾಗುತ್ತವೆ. ಅದಕ್ಕೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟರೆ ಸಾಕು.

ಪೆಟ್ರೋಲಿನಿಂದ ತೊಳೆದರೆ ಜಿಡ್ಡು ಬೇಗ ಬಿಡುತ್ತದೆ ಅನ್ನುವವರು ಇದ್ದಾರೆ. ಬಿಡುತ್ತದೆ. ಅದರ ಆವಿ ನೆಲದ ಮೇಲೆ ಹರಿದು ದೂರದ ಒಲೆಯವರೆಗೂ ಹೋಗುತ್ತದೆ, ಕಣ್ಣಿಗೆ ಕಾಣದೆ. ಅಲ್ಲಿಂದ ಬೆಂಕಿ ತಿರುಗಿ ಬರುತ್ತದೆ. ಪೆಟ್ರೋಲು ಬ್ಯಾಡ ಅಂದ್ರ ಬ್ಯಾಡ. ಡೀಸೆಲ್ಲು, ಚಿಮಣಿ ಎಣ್ಣೆಯೂ ಬ್ಯಾಡ. ಅವು ರಬ್ಬರನ್ನು ಕೆಡಿಸುತ್ತವೆ, ಉಳಿದ ಪಸೆಗೆ ಮತ್ತೆ ಧೂಳು ಹತ್ತುತ್ತದೆ.

ತೊಳೆದ ನೀರು ಕಪ್ಪಗಿರುತ್ತದೆ. ಅದು ಬಾವಿಗೂ ಹೋಗಬಾರದು, ಹಳ್ಳಕ್ಕೂ ಹೋಗಬಾರದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ದಾಟಿ ಮುಂದೆ ಎಷ್ಟೋ ಊರಿಗೆ ಕುಡಿಯುವ ನೀರಾಗುತ್ತಾಳೆ. ಜೀಪನ್ನು ಹೊಳೆಗೆ ಇಳಿಸಿ ತೊಳೆಯುವ ರೂಢಿ ಬಿಡಬೇಕು. ಜೀಪಿನ ಕೆಳಗೆ ಕಟ್ಟಿಗೆ ಹೊಟ್ಟು ಹರಡಿರಿ, ಜಿಡ್ಡು ಹೀರಿಕೊಳ್ಳುತ್ತದೆ. ಆ ಹೊಟ್ಟನ್ನು ಒಲೆಗೆ ಹಾಕಬೇಡಿ, ಡಬ್ಬಿಯಲ್ಲಿ ತುಂಬಿ ಸುಟ್ಟ ಆಯಿಲ್ ಕೂಡಿಸುವ ಗ್ಯಾರೇಜಿನವರನ್ನು ಕೇಳಿ ಕೊಡಿರಿ.

ಬಾನೆಟ್ಟು ತೆರೆದಿಟ್ಟು ಬಿಸಿಲಿಗೆ ಒಣಗಿಸಿ. ಚೀಲಗಳನ್ನು ಬಿಚ್ಚಿ, ಚೀಟಿ ನೋಡಿ ಎಣಿಸಿರಿ. ಬ್ಯಾಟರಿಗೆ ಈಗ ಕೂಡಿಸುವ ತಂತಿ ಮೊದಲು, ಕಳೆಯುವ ತಂತಿ ಕಡೆಗೆ. ಕಂಬಿಗೆ ವ್ಯಾಸಲೀನ್ ಸವರಿ. ಜೀಪನ್ನು ಬಯಲಿನಲ್ಲೇ ಚಾಲೂ ಮಾಡಿ, ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ವಿಷ. ಚಾಲೂ ಆದ ಮೇಲೆ ದೂರ ನಿಂತು ನೋಡಿರಿ. ಪಂಖ ಜೋರಾಗಿ ತಿರುಗುವಾಗ ಅದರ ರೆಕ್ಕೆ ಕಾಣುವುದಿಲ್ಲ. ಸೆರಗು, ಹೆಳಲು ಸಿಕ್ಕರೆ ಎಳೆದುಕೊಳ್ಳುತ್ತದೆ.

ಹತ್ತು ನಿಮಿಷ ಬಿಟ್ಟು ಎಂಜಿನ್ನು ಬಂದ್ ಮಾಡಿ, ಪಂಖ ನಿಂತ ಮೇಲೆ ಬಗ್ಗಿ ನೋಡಿರಿ. ಸ್ವಚ್ಛ ಮೈಯ ಮೇಲೆ ಹೊಸ ಹನಿ ಎಲ್ಲಿ ಕಂಡಿತೋ ಅಲ್ಲೇ ಸೋರಿಕೆ. ಕಪ್ಪು ಹನಿ ಆಯಿಲ್ಲಿನದು. ಡೀಸೆಲ್ಲು ವಾಸನೆಯಿಂದ ತಿಳಿಯುತ್ತದೆ. ಅದನ್ನು ವಹಿಯಲ್ಲಿ ಬರೆಯಿರಿ, ಮೇಸ್ತ್ರಿಗೆ ಓದಿ ಹೇಳಿರಿ. ಹೀಗೆ ಬರೆಯಬಹುದು:

ತಾರೀಖು: 12ನೇ ಅಕ್ಟೋಬರ್.
ಎಷ್ಟು ಓಡಿದೆ: 84,310 ಕಿ.ಮೀ.
ಆಯಿಲ್: ಕಡ್ಡಿಯ ಎರಡು ಗೆರೆಯ ನಡುವೆ ಇದೆ.
ಚೀಲ: ಕಟ್ಟಿದ್ದು 5, ಬಿಚ್ಚಿದ್ದು 5.
ಕಂಡದ್ದು: ರೇಡಿಯೇಟರಿನ ಕೆಳಗಿನ ಪೈಪು ಹಸಿ ಇದೆ. ಸಂತೆಗೆ ಹೋಗುವ ಮೊದಲು ಬದಲಿಸಬೇಕು.