ಬೋಲ್ಟಿನ ಥ್ರೆಡ್ಡು ಹೋದರೆ ಹೌಸಿಂಗು ಹೋದಂತಲ್ಲ

ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಗುಂಡಗೆ ಉಬ್ಬಿಕೊಂಡಿರುವ ಭಾಗವೇ ಡಿಫರೆನ್ಷಿಯಲ್ ಹೌಸಿಂಗು. ಅದರೊಳಗೆ ಕ್ರೌನ್ ವೀಲು, ಪಿನಿಯನ್ನು ಎಂಬ ಗೇರುಗಳು ಎಣ್ಣೆಯಲ್ಲಿ ನೆನೆಯುತ್ತ ತಿರುಗುತ್ತವೆ. ಹಿಂಬದಿಯ ಮುಚ್ಚಳವನ್ನು ಸುತ್ತಲೂ ಬೋಲ್ಟುಗಳು ಹಿಡಿದಿರುತ್ತವೆ. ಯಾವುದಾದರೂ ಬೋಲ್ಟು ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ, ಹೌಸಿಂಗಿನ ರಂಧ್ರದ ಥ್ರೆಡ್ಡು ಹೋಗಿದೆಯೆಂದು ತಿಳಿಯಬೇಕು. ಅಲ್ಲಿಂದ ಎಣ್ಣೆ ಜಿನುಗುತ್ತದೆ. ಎಣ್ಣೆ ಕಡಿಮೆಯಾದರೆ ಗೇರಿನ ಹಲ್ಲುಗಳು ಕಾದು ಸವೆಯುತ್ತವೆ. ಒಂದು ಬೋಲ್ಟಿನ ಅಸಡ್ಡೆಯಿಂದ ಇಡೀ ಗೇರ್ ಸೆಟ್ಟನ್ನೇ ಕೊಳ್ಳಬೇಕಾದೀತು.

ಥ್ರೆಡ್ಡು ಕೆಡಲು ಕಾರಣಗಳು

1. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಅತಿಯಾಗಿ ಬಿಗಿಯುವುದು.
2. ರಂಧ್ರದಲ್ಲಿ ಮಣ್ಣಿರುವಾಗಲೇ ಬೋಲ್ಟು ಹಾಕುವುದು.
3. ಅಳತೆ ತಪ್ಪಿದ ಬೋಲ್ಟು. ಮೆಟ್ರಿಕ್ ಅಳತೆಯ ಕಾಯಿದೆ 1956ರಲ್ಲಿ ಬಂದರೂ ಹಳೆಯ ಜೀಪುಗಳಲ್ಲಿ ಇಂಚಿನ ಬೋಲ್ಟುಗಳಿವೆ. 3/8 ಇಂಚಿನ ಬೋಲ್ಟು ಸುಮಾರು 9.5 ಮಿ.ಮೀ. ದಪ್ಪ. ಅದು 10 ಮಿ.ಮೀ. ರಂಧ್ರದೊಳಗೆ ಹೋಗುತ್ತದೆ, ಆದರೆ ಹಿಡಿತ ಸಾಲದು.

ರಿಪೇರಿ ಮಾಡುವ ಕ್ರಮ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡ ಕೊಡಿರಿ. ಜ್ಯಾಕೊಂದನ್ನೇ ನಂಬಿ ಕೆಳಗೆ ಹೋಗಕೂಡದು. ಎಣ್ಣೆ ಇಳಿಸಿ, ಮುಚ್ಚಳ ತೆಗೆದು, ಗೇರುಗಳನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿರಿ.

ಬಾಯಿಯ ಒಂದೆರಡು ಸುತ್ತು ಮಾತ್ರ ಕೆಟ್ಟಿದ್ದರೆ ಅದೇ ಅಳತೆಯ ಟ್ಯಾಪು ಹಾಯಿಸಿದರೆ ಸಾಕು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಡ.

ಥ್ರೆಡ್ಡು ಪೂರ್ತಿ ಹೋಗಿದ್ದರೆ ಉಕ್ಕಿನ ತಂತಿಯ ಸುರುಳಿ ಕೂರಿಸಬೇಕು. ಇದರ ಸೆಟ್ಟಿನಲ್ಲಿ ಸುರುಳಿ, ಟ್ಯಾಪು, ಕೂರಿಸುವ ಸಾಧನ ಇರುತ್ತವೆ. 1.5 ಮಿ.ಮೀ. ಪಿಚ್ಚಿನ 10 ಮಿ.ಮೀ. ಬೋಲ್ಟಿಗೆ ಸುಮಾರು 10.4 ಮಿ.ಮೀ. ಡ್ರಿಲ್ಲು ಬೇಕು. ಮೊದಲು ರಂಧ್ರದ ಆಳವನ್ನು ಕಡ್ಡಿಯಿಂದ ಅಳೆದು, ಡ್ರಿಲ್ಲಿಗೆ ಟೇಪು ಸುತ್ತಿ ಗುರುತು ಮಾಡಿರಿ. ಅದನ್ನು ಮೀರಿ ಕೊರೆಯಬಾರದು. ಕಣ್ಣಿಗೆ ಕನ್ನಡಕವಿರಲಿ.

ಡ್ರಿಲ್ಲಿಗೂ ಟ್ಯಾಪಿಗೂ ಗ್ರೀಸು ಹಚ್ಚಿದರೆ ಚೂರುಗಳು ಅದಕ್ಕೇ ಅಂಟಿಕೊಳ್ಳುತ್ತವೆ. ಟ್ಯಾಪನ್ನು ನೆಟ್ಟಗೆ ಹಿಡಿದು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿರಿ. ರಂಧ್ರವನ್ನು ಒರಸಿ, ಸುರುಳಿಯನ್ನು ಬಾಯಿಗಿಂತ ಅರ್ಧ ಸುತ್ತು ಒಳಕ್ಕೆ ಇಳಿಸಿರಿ. ಅದರ ತುದಿಯ ಅಡ್ಡ ಕೊಂಡಿಯನ್ನು ಮುರಿದು ಹೊರತೆಗೆಯಿರಿ. ಒಂದು ಚೂರು ಒಳಗುಳಿದರೂ ಬೇರಿಂಗನ್ನು ತಿನ್ನುತ್ತದೆ.

ಹೊಸ ಪ್ಯಾಕಿಂಗು ಇಟ್ಟು ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಅನಂತರ ಎದುರುಬದಿರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಕಂಪನಿಯ ಪುಸ್ತಕ ಹೇಳಿದ ಎಣ್ಣೆಯನ್ನೇ ಲೆವೆಲ್ ಪ್ಲಗ್ಗಿನ ಅಂಚಿನವರೆಗೆ ತುಂಬಿರಿ. ಒಂದು ದಿನ ಓಡಿಸಿದ ಮೇಲೆ ಜಿನುಗುವುದೇ ಎಂದು ನೋಡಿರಿ.

ಮಾಡಬಾರದ ಕೆಲಸ

ಬೋಲ್ಟಿಗೆ ನೂಲು ಸುತ್ತುವುದು, ದಪ್ಪ ಬೋಲ್ಟನ್ನು ಬಲವಂತದಿಂದ ತುರುಕುವುದು ಸಲ್ಲದು. ಎರಕದ ಕಬ್ಬಿಣ ಬಿರುಕುಬಿಡುತ್ತದೆ. ಹೌಸಿಂಗು ಬಿರಿದಿದ್ದರೆ, ಅಥವಾ ಒಳಗಿನ ಬೇರಿಂಗನ್ನು ಹಿಡಿದ ಬೋಲ್ಟಿನ ಥ್ರೆಡ್ಡು ಹೋಗಿದ್ದರೆ, ಕೆಲಸವನ್ನು ನುರಿತ ಮೆಕ್ಯಾನಿಕ್ಕಿಗೇ ಒಪ್ಪಿಸತಕ್ಕದ್ದು.

ಹೊಸ ಬೋಲ್ಟು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು, ಥ್ರೆಡ್ಡಿಗೆ ಥ್ರೆಡ್ಡು ಕೂಡಿಸಿ ನೋಡಿ ಕೊಳ್ಳಿರಿ. ಈ ಎಚ್ಚರಕ್ಕೆ ಖರ್ಚಿಲ್ಲ.