ಬೇಡುವ ಮೊದಲು ನೆನೆಯೋಣ



ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡು ಕುಳಿತಾಗ ನಮ್ಮ ಮನಸ್ಸಿನಲ್ಲಿ ಏನಿರುತ್ತದೆ? ರೈತನಿಗೆ ಮಳೆಯ ಚಿಂತೆ, ವ್ಯಾಪಾರಿಗೆ ಪೇಟೆ ಧಾರಣೆಯ ಚಿಂತೆ, ತಾಯಂದಿರಿಗೆ ಮಕ್ಕಳ ಮದುವೆಯ ಚಿಂತೆ. ಶಿವನಲ್ಲಿ ಬೇಡುವುದು ತಪ್ಪಲ್ಲ. ಆದರೆ ಬೇಡಿಕೆಯೊಂದೇ ಪೂಜೆಯಾದರೆ ಅದು ಅಡತಿ ಅಂಗಡಿಯ ಲೆಕ್ಕದಂತೆ ಆಗುತ್ತದೆ. ಮಳೆ ಬಂದ ವರ್ಷ ಪೂಜೆ ನಡೆಯುತ್ತದೆ, ಬಾರದ ವರ್ಷ ನಿಂತುಹೋಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಬರದ ಸೀಮೆಯಲ್ಲಿ ಬಾಳುವ ನಮಗೆ ಇಂಥ ಪೂಜೆ ಎಷ್ಟು ದಿನ ಆಧಾರವಾದೀತು? ಆದ್ದರಿಂದ ಬೇಡುವ ಮೊದಲು ಶಿವನ ಕೆಲಸವನ್ನು ನೆನೆಯುವ ರೀತಿಯನ್ನು ಈ ಸಲ ವಿಚಾರ ಮಾಡೋಣ.

ದೇವರು ದೊಡ್ಡವನು ಎಂದು ಬಾಯಿಂದ ಹೇಳುವುದು ಸುಲಭ. ಅವನ ಒಂದು ಕೆಲಸವನ್ನಾದರೂ ನಿಂತು ನೋಡಿದವನಿಗೆ ಆ ಮಾತಿನ ತೂಕ ತಿಳಿಯುತ್ತದೆ. ಅದಕ್ಕಾಗಿ ದೂರ ಹೋಗಬೇಕಿಲ್ಲ, ನಮ್ಮ ಎರೆ ಹೊಲವೇ ಸಾಕು.

ಮೊದಲು ಮಣ್ಣನ್ನು ನೋಡೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ದಖ್ಖನ್ ನಾಡಿನಲ್ಲಿ ನೆಲ ಬಿರಿದು, ಕರಗಿದ ಕಲ್ಲು ಪದರು ಪದರಾಗಿ ಹರಿದು ಆರಿತೆಂದು ಭೂಗರ್ಭಶಾಸ್ತ್ರ ಬಲ್ಲವರು ಹೇಳುತ್ತಾರೆ. ಆ ಕರಿಕಲ್ಲು ಬಿಸಿಲು ಮಳೆಗೆ ಸವೆದು ಎರೆ ಮಣ್ಣಾಯಿತು. ಬೇಸಿಗೆಯಲ್ಲಿ ಈ ಮಣ್ಣು ಬಿರುಕು ಬಿಡುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದಾಗ ಮಣ್ಣು ಹಿಗ್ಗಿ ಬಿರುಕು ಮುಚ್ಚುತ್ತದೆ. ನಾವು ನೇಗಿಲು ಹೂಡುವ ಮುಂಚೆಯೇ ಭೂಮಿ ತನ್ನನ್ನು ತಾನೇ ಅಷ್ಟಿಷ್ಟು ಉತ್ತುಕೊಂಡಿರುತ್ತದೆ.

ಇನ್ನು ಹಿಂಗಾರಿ ಜೋಳ. ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ ಬಿತ್ತಿದ ಮೇಲೆ ಅದಕ್ಕೆ ಮಳೆ ಸಿಗುವುದು ಅಪರೂಪ. ಸುಮಾರು 4 ತಿಂಗಳು ಅದು ಬಾಳುವುದು ಹೆಚ್ಚಾಗಿ ಎರೆ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ. ಬೇರು ಆಳಕ್ಕೆ ಇಳಿದು ಆ ಹಸಿಯನ್ನು ಹುಡುಕುತ್ತದೆ. ಎಲೆಗೆ ಮೇಣದಂಥ ತೆಳುವಾದ ಲೇಪವಿದೆ. ನೀರು ಸಾಲದಾದಾಗ ಎಲೆ ಸುರುಳಿ ಸುತ್ತಿಕೊಂಡು ಇದ್ದ ಹಸಿಯನ್ನು ಉಳಿಸಿಕೊಳ್ಳುತ್ತದೆ. ಒಂದು ಕಾಳಿನಿಂದ ಎದ್ದ ಒಳ್ಳೆಯ ತೆನೆಯಲ್ಲಿ ಸಾವಿರಕ್ಕೂ ಮಿಕ್ಕಿ ಕಾಳು ತುಂಬಿರುತ್ತವೆ. ಈ ಜಾಣತನವನ್ನು ಅದಕ್ಕೆ ನಾವು ಯಾರೂ ಕಲಿಸಲಿಲ್ಲ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿಯನ್ನು ನೋಡಿರಿ. ಆಗ ಬೆಳೆ ಇನ್ನೂ ನಿಂತಿರುತ್ತದೆ. ರಾಶಿ ಎಷ್ಟಾಗುವುದೋ ಯಾರಿಗೂ ಗೊತ್ತಿರುವುದಿಲ್ಲ. ಆದರೂ ಸುಗ್ಗಿಗೆ ಮುಂಚೆಯೇ ಭೂತಾಯಿಗೆ ಎಡೆ ಸಲ್ಲುತ್ತದೆ.

ನೆನೆಯುವುದೆಂದರೆ ಕೈಕಟ್ಟಿ ಕೂಡುವುದೆಂದು ಯಾರೂ ತಿಳಿಯಬಾರದು. ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಕಾಯಕಯೋಗಿಗಳು. ಆ ಕೆರೆ ಇಂದಿಗೂ ಸೊಲ್ಲಾಪುರದಲ್ಲಿದೆ, ಸಂಕ್ರಾಂತಿಗೆ ಜಾತ್ರೆ ಕೂಡುತ್ತದೆ. ಅಲ್ಲಮಪ್ರಭುಗಳು ಅವರಲ್ಲಿಗೆ ಬಂದು ಅರಿವಿನ ದಾರಿ ತೋರಿದರೆಂದೂ, ಮುಂದೆ ಕಲ್ಯಾಣದಲ್ಲಿ ಚೆನ್ನಬಸವಣ್ಣನವರಿಂದ ಅವರಿಗೆ ಇಷ್ಟಲಿಂಗ ದೀಕ್ಷೆಯಾಯಿತೆಂದೂ ಶರಣ ಪರಂಪರೆ ಹೇಳುತ್ತದೆ. ಕೆರೆ ತೋಡುವುದು ನಮ್ಮ ಪಾಲಿನ ಕಾಯಕ. ಅದನ್ನು ತುಂಬುವುದು ಶಿವನ ಕೆಲಸ.

ನಾವು ಹಳ್ಳಿಗಳಿಗೆ ಹೋದಾಗ ಹಿರಿಯರು ಒಂದು ಮಾತು ಕೇಳುತ್ತಾರೆ: 'ಬುದ್ಧೀ, 1972ರ ಬರದಾಗ ಶಿವನ ಮಹಿಮೆ ಎಲ್ಲಿ ಹೋಗಿತ್ತು?' ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ಸಲ್ಲದು. ದನಕರು ಕಳೆದುಕೊಂಡು, ಖಡಿ ಒಡೆಯುವ ಕೆಲಸಕ್ಕೆ ಹೋದ ಮನೆತನಗಳ ದುಃಖ ಸಣ್ಣದಲ್ಲ. ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವೂ ಇಲ್ಲ. ಕೋಟಿ ವರ್ಷಗಳ ಸೃಷ್ಟಿಯನ್ನು ಒಂದು ವರ್ಷದ ಲಾಭ ಹಾನಿಯಿಂದ ಅಳೆಯಲಾಗದು ಎಂದಷ್ಟೇ ಹೇಳುತ್ತೇವೆ. ಬರ ಹೋದ ಮೇಲೆ ಅದೇ ಮಣ್ಣು ಮತ್ತೆ ಹಸಿ ಹಿಡಿಯಿತು. ಆ ಕಾಲದಲ್ಲಿ ಅರ್ಧ ರೊಟ್ಟಿಯನ್ನು ನೆರೆಯವರಿಗೆ ಮುರಿದುಕೊಟ್ಟ ಕರುಣೆಯೂ ಶಿವನ ಕೆಲಸವೇ.

ಆಚರಣೆ ಹೀಗಿರಲಿ. ವಿಭೂತಿ ಧರಿಸಿ, ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಿರಿ. ಹಿಂದಿನ ದಿನ ಕಂಡ ಸೃಷ್ಟಿಯ ಒಂದೇ ಒಂದು ಕೆಲಸವನ್ನು ನೆನೆಯಿರಿ: ಒಂದು ತೆನೆ, ಕರುವಿಗೆ ಹಾಲೂಡುವ ಆಕಳು, ಬಾವಿಯ ಸೆಲೆ. ಅದು ಹೇಗೆ ನಡೆಯುತ್ತಿದೆ ಎಂದು 5 ನಿಮಿಷ ಯೋಚಿಸಿ, ಆಮೇಲೆ ನಿಮ್ಮ ಬೇಡಿಕೆ ಹೇಳಿಕೊಳ್ಳಿರಿ. ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದರೂ ಸಂಜೆಯ ಪೂಜೆಯಲ್ಲಿ ತಾವು ಕಂಡದ್ದೊಂದನ್ನು ಕನ್ನಡದಲ್ಲಿ ಹೇಳಲಿ.

ಹೀಗೆ ನೆನೆದವನ ನಡೆ ತಾನಾಗಿ ತಿದ್ದುತ್ತದೆ. ಕಾಳಿನ ಹಿಂದಿರುವ ಶ್ರಮವನ್ನು ಅರಿತ ವ್ಯಾಪಾರಿಗೆ ತಕ್ಕಡಿಯಲ್ಲಿ ಮೋಸ ಮಾಡಲು ಕೈ ಬಾರದು. ರಾಶಿ ತನ್ನೊಬ್ಬನ ದುಡಿಮೆಯಲ್ಲವೆಂದು ಅರಿತ ರೈತನು ದಾಸೋಹದ ಪಾಲನ್ನು ಮೊದಲು ತೆಗೆದಿಡುತ್ತಾನೆ. ಈ ಹಿಂಗಾರಿಯಲ್ಲಿಯೇ ಎಲ್ಲ ಸದ್ಭಕ್ತರು ಇದನ್ನು ಆಚರಣೆಗೆ ತರಬೇಕೆಂದು ಹಾರೈಸುತ್ತೇವೆ.